ಮೈದಾ ಇಲ್ಲದ ಡಿಸೆಂಬರ್

ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಹಿಡಿದರೆ ವಸಂತಪುರದ ಬೆಳಗಿನ ಚಹರೆಯೇ ಬೇರೆ. ವಸಂತವಲ್ಲಭರಾಯಸ್ವಾಮಿ ಗುಡಿಯ ಕಡೆಗೆ ಶಾಲು ಹೊದ್ದವರು ಕತ್ತಲಿರುವಾಗಲೇ ಹೊರಟಿರುತ್ತಾರೆ. ಅಲ್ಲೇ ವೈಕುಂಠ ಗಿರಿಯ ಮೇಲೆ ಇಸ್ಕಾನ್‌ನವರ ರಾಜಾಧಿರಾಜ ಗೋವಿಂದ ದೇವಾಲಯ 2022ರಲ್ಲಿ ತೆರೆದ ಮೇಲಂತೂ ವೈಕುಂಠ ಏಕಾದಶಿಯ ದಿನ ಈ ಕಡೆಗೆ ಆಟೋ ಸಿಕ್ಕಿದರೆ ಅದೇ ಪುಣ್ಯ. ಇದೇ ಹೊತ್ತಿಗೆ ಕನಕಪುರ ರಸ್ತೆಯ ಅಪಾರ್ಟ್‌ಮೆಂಟುಗಳ ಬಾಲ್ಕನಿಗಳಲ್ಲಿ ಕಾಗದದ ನಕ್ಷತ್ರಗಳು ತೂಗಲು ಶುರು. ಕ್ಲಬ್‌ಹೌಸಿನಲ್ಲಿ ಮಕ್ಕಳಿಗಾಗಿ ಮೇಜು ಹಾಕಿ, ತಟ್ಟೆ ತುಂಬ ಬೆಣ್ಣೆ ಬಿಸ್ಕತ್ತು, ಬಣ್ಣಬಣ್ಣದ ಐಸಿಂಗ್ ಕೋನು ಇಟ್ಟು ‘ಕುಕ್ಕಿ ಡೆಕೊರೇಷನ್’ ಎಂದು ವಾಟ್ಸಾಪಿನಲ್ಲಿ ಸಾರುತ್ತಾರೆ. ಮಕ್ಕಳು ಹಾಕುವುದಕ್ಕಿಂತ ನೆಕ್ಕುವುದೇ ಹೆಚ್ಚು. ಆದರೆ ಗೋಧಿ ಒಗ್ಗದ ಒಂದು ಮಗು ಅಲ್ಲಿದ್ದರೆ ಅದಕ್ಕೆ ಆ ಮೇಜಿನ ಮೇಲಿರುವುದರಲ್ಲಿ ಒಂದೂ ದಕ್ಕುವುದಿಲ್ಲ. ಬಿಸ್ಕತ್ತು ಮುಟ್ಟಿದ ಬೆರಳನ್ನು ಬಾಯಿಗೆ ಇಡುವಂತಿಲ್ಲ ಎಂದು ತಾಯಿ ಹಿಂದೆಯೇ ನಿಂತಿರುತ್ತಾಳೆ.

ಅಂಥ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನೆಂದರೆ, ಆನ್‌ಲೈನಿನಲ್ಲಿ ಬಾದಾಮಿ ಹಿಟ್ಟು, ಟ್ಯಾಪಿಯೋಕಾ ಸ್ಟಾರ್ಚ್, ಜ್ಯಾಂಥಾನ್ ಗಮ್ ಎಂದು ದುಬಾರಿ ಪೊಟ್ಟಣಗಳನ್ನು ತರಿಸಿ, ಅಮೆರಿಕದವರ ಅಳತೆಗೆ ಕಲಸಿ, ಪುಡಿಪುಡಿಯಾದದ್ದನ್ನು ಚಮಚದಲ್ಲಿ ತಿನ್ನುವುದು. ಇದೆಲ್ಲ ಬೇಕಿಲ್ಲ. ಗೋಧಿಯ ಸಹಾಯವಿಲ್ಲದೆ ಹಿಟ್ಟನ್ನು ಹಿಡಿದು ನಿಲ್ಲಿಸುವುದು ಹಳೆ ಮೈಸೂರು ಸೀಮೆಯ ಅಡುಗೆಮನೆಗೆ ದಿನನಿತ್ಯದ ಕೆಲಸ. ಮುದ್ದೆ ಕಟ್ಟುವವರಿಗೆ, ಅಕ್ಕಿರೊಟ್ಟಿ ತಟ್ಟುವವರಿಗೆ ಗ್ಲುಟೆನ್ ಇಲ್ಲದ ಬಿಸ್ಕತ್ತು ಹೊಸ ವಿದ್ಯೆಯೇನೂ ಆಗಬಾರದು. ತೊಡಕು ಇರುವುದು ಬೇರೆ ಕಡೆ, ಅದಕ್ಕೆ ಆಮೇಲೆ ಬರುತ್ತೇನೆ.

ಗೋಧಿಯಲ್ಲಿ ಗ್ಲಿಯಾಡಿನ್, ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ನೀರು ಹಾಕಿ ನಾದಿದರೆ ಇವು ಎಳೆಎಳೆಯಾಗಿ ಹೆಣೆದುಕೊಂಡು ಬಲೆಯಾಗುತ್ತವೆ, ಆ ಬಲೆಯೇ ಗ್ಲುಟೆನ್. ಹೋಳಿಗೆಯ ಕಣಕವನ್ನು ಎಷ್ಟು ಎಳೆದರೂ ಹರಿಯದಿರುವುದಕ್ಕೆ, ಫುಲ್ಕ ಉಬ್ಬುವುದಕ್ಕೆ, ಬ್ರೆಡ್ಡು ಸ್ಪಂಜಿನಂತಾಗುವುದಕ್ಕೆ ಅದೇ ಕಾರಣ. ಬಾರ್ಲಿಯಲ್ಲಿ, ರೈ ಧಾನ್ಯದಲ್ಲಿ ಇದರ ದಾಯಾದಿ ಪ್ರೋಟೀನುಗಳಿವೆ. ರಾಗಿ, ಅಕ್ಕಿ, ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಕೊರಲೆ ಇವುಗಳಲ್ಲಿ ಇಲ್ಲ. ಆದ್ದರಿಂದಲೇ ರಾಗಿ ಹಿಟ್ಟಿಗೆ ತಣ್ಣೀರು ಹಾಕಿ ಕಲಸಿ ಚಪಾತಿಯಂತೆ ಲಟ್ಟಿಸಲು ಹೋದರೆ ಅಂಚು ಬಿರುಕು ಬಿಡುತ್ತದೆ.

ಬಿಸ್ಕತ್ತಿನ ವಿಷಯದಲ್ಲಿ ಒಂದು ಅನುಕೂಲವಿದೆ. ಅಲ್ಲಿ ಈ ಬಲೆ ಬೇಡವೇ ಬೇಡ. ಮೈದಾದಲ್ಲಿ ಬೆಣ್ಣೆ ಬಿಸ್ಕತ್ತು ಮಾಡುವವರು ಕೂಡ ‘ಜಾಸ್ತಿ ನಾದಬೇಡಿ, ಗಟ್ಟಿಯಾಗತ್ತೆ’ ಎನ್ನುತ್ತಾರಲ್ಲ, ಗ್ಲುಟೆನ್ ಬಲೆ ಬಿಗಿಯಬಾರದೆಂದೇ ಹಾಗೆನ್ನುವುದು. ಹಿಟ್ಟಿನ ಕಣಕ್ಕೆ ಮೊದಲು ಬೆಣ್ಣೆ ಬಳಿದುಕೊಂಡರೆ ನೀರು ಒಳಗೆ ಹೋಗುವುದಿಲ್ಲ, ಬಲೆ ಕಟ್ಟುವುದಿಲ್ಲ, ಬಾಯಲ್ಲಿಟ್ಟರೆ ಪುಡಿಯಾಗುತ್ತದೆ. ವಿವಿ ಪುರ, ಜಯನಗರದ ಅಯ್ಯಂಗಾರ್ ಬೇಕರಿಗಳ ಬೆಣ್ಣೆ ಬಿಸ್ಕತ್ತಿನ ರುಚಿಯೂ ಬೆಣ್ಣೆ ಮತ್ತು ಹದದಿಂದ ಬಂದದ್ದೇ ಹೊರತು ಮೈದಾದಿಂದಲ್ಲ. ಗೋಧಿಯಿಲ್ಲದೆ ಬ್ರೆಡ್ಡು ಮಾಡುವುದು ನಿಜಕ್ಕೂ ಕಷ್ಟ. ಬಿಸ್ಕತ್ತು ಅಷ್ಟು ಕಷ್ಟವಲ್ಲ. ಅದಕ್ಕೆ ಬೇಕಾದದ್ದು ಲಟ್ಟಿಸುವಾಗ ಒಡೆಯದಷ್ಟು ಹಿಡಿತ ಮಾತ್ರ.

ಆ ಹಿಡಿತಕ್ಕೆ ನಮ್ಮಲ್ಲಿ ಉಕ್ಕರಿಸುವ ಪದ್ಧತಿ ಇದೆ. ಕುದಿಯುವ ನೀರಿಗೆ ಅಕ್ಕಿ ಹಿಟ್ಟು ಸುರಿದು ಮುಚ್ಚಿಟ್ಟು, ಬಿಸಿಯಿರುವಾಗಲೇ ನಾದಿದರೆ ರೊಟ್ಟಿ ಕೈಗೆ ಬರುತ್ತದೆ. 70 ಡಿಗ್ರಿಯ ಆಸುಪಾಸಿನಲ್ಲಿ ಪಿಷ್ಟದ ಕಣಗಳು ನೀರು ಕುಡಿದು ಊದಿ ಅಂಟಾಗುತ್ತವೆ, ಆ ಅಂಟು ಉಳಿದ ಹಿಟ್ಟನ್ನೆಲ್ಲ ಹಿಡಿದುಕೊಳ್ಳುತ್ತದೆ. ಮುದ್ದೆಯ ಗುಟ್ಟೂ ಇದೇ, ಕಡುಬಿನದೂ ಇದೇ. ಬಿಸ್ಕತ್ತಿಗೆ ಇದನ್ನು ಸಣ್ಣ ಪ್ರಮಾಣದಲ್ಲಿ ತಂದುಕೊಂಡರೆ ಸಾಕು: ಎರಡು ಚಮಚ ಅಕ್ಕಿ ಹಿಟ್ಟನ್ನು ಕಾಲು ಲೋಟ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಗಂಜಿಯಂತೆ ಕಾಯಿಸಿ ಆರಿಸಿಕೊಳ್ಳುವುದು. ಗಟ್ಟಿ ಅಂಬಲಿಯ ಹದ ಬಂದರೆ ಇಳಿಸಬಹುದು.

ಇನ್ನು ಹಿಟ್ಟು. ರಾಗಿ ಹಿಟ್ಟು 100 ಗ್ರಾಂ, ಅಕ್ಕಿ ಹಿಟ್ಟು 60 ಗ್ರಾಂ, ಕಾರ್ನ್‌ಫ್ಲೋರ್ 20 ಗ್ರಾಂ. ರಾಗಿಯನ್ನು ದಪ್ಪ ತಳದ ಬಾಣಲೆಯಲ್ಲಿ ಘಮ ಬರುವವರೆಗೆ ಹುರಿಯಲೇಬೇಕು. ಇಲ್ಲದಿದ್ದರೆ ಬಿಸ್ಕತ್ತು ಬೆಂದರೂ ಹಸಿ ಹಿಟ್ಟಿನ ವಾಸನೆ ಹೋಗುವುದಿಲ್ಲ, ಮಗು ಒಂದು ಕಚ್ಚಿ ಇಟ್ಟುಬಿಡುತ್ತದೆ. ಮನೆಯಲ್ಲೇ ಅರಳು ಹುರಿದು ಮಾಡಿದ ರಾಗಿ ಹುರಿಹಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆಗಲೇ ಬೆಂದದ್ದಾದ್ದರಿಂದ ಅದು ಹಾಲು ಸ್ವಲ್ಪ ಹೆಚ್ಚು ಕೇಳುತ್ತದೆ, ಅಷ್ಟೆ. ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 80 ಗ್ರಾಂ, ಏಲಕ್ಕಿ, ಒಂದು ಚಿಟಿಕೆ ಉಪ್ಪು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಹೆಚ್ಚು, ಒಲೆಯಲ್ಲಿ ಬಿಸ್ಕತ್ತು ದೋಸೆಯಂತೆ ಹರಡುತ್ತದೆ. ಅದನ್ನು ಕಾಯಿಸಿ ತುಪ್ಪ ಮಾಡಿ, ಹೆಪ್ಪುಗಟ್ಟಿದ ತುಪ್ಪ 80 ಗ್ರಾಂ ಬಳಸುವುದು ಮೇಲು. ಬೆಲ್ಲ ಬೇಕೆನ್ನುವವರು ಸಕ್ಕರೆಯ ಅರ್ಧ ಭಾಗಕ್ಕೆ ಬೆಲ್ಲದ ಪುಡಿ ಹಾಕಬಹುದು. ಪೂರ್ತಿ ಬೆಲ್ಲವಾದರೆ ಮೆತ್ತಗಾಗಿ, ಮೇಲೆ ಹಾಕಿದ ಐಸಿಂಗ್ ಬೆವರುತ್ತದೆ.

ಡಿಸೆಂಬರಿನ ಬೆಂಗಳೂರಿನಲ್ಲಿ ಬೆಣ್ಣೆ ತಾನಾಗಿ ಮೆತ್ತಗಾಗುವುದಿಲ್ಲ. ರಾತ್ರಿಯೇ ಫ್ರಿಜ್ಜಿನಿಂದ ಹೊರಗಿಟ್ಟರೆ ಬೆಳಿಗ್ಗೆ ಬೆರಳು ಒತ್ತಿದಲ್ಲಿ ಗುಳಿ ಬೀಳುವ ಹದಕ್ಕೆ ಬಂದಿರುತ್ತದೆ. ಬೆಣ್ಣೆ–ಸಕ್ಕರೆ ಬೆಳ್ಳಗಾಗುವವರೆಗೆ ಕಡೆದು, ಗಂಜಿ ಸೇರಿಸಿ, ಹಿಟ್ಟುಗಳನ್ನು ಜರಡಿ ಹಿಡಿದು ಹಾಕಿ ಉಂಡೆ ಮಾಡಬೇಕು. ಕಲಸಿದ ಕೂಡಲೇ ಲಟ್ಟಿಸಬಾರದು. ಅಕ್ಕಿ, ರಾಗಿ ಎರಡೂ ನಿಧಾನವಾಗಿ ನೀರು ಹೀರುವ ಹಿಟ್ಟುಗಳು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಒಬ್ಬಟ್ಟಿನಂತೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ ಅಚ್ಚು ಒತ್ತುವುದು. 165 ಡಿಗ್ರಿಯಲ್ಲಿ 15ರಿಂದ 18 ನಿಮಿಷ. ಓಟಿಜಿ ಇಲ್ಲದವರು ದಪ್ಪ ಪಾತ್ರೆಗೆ ಉಪ್ಪು ಹಾಸಿ, ಮುಚ್ಚಿ, ಕಾಯಿಸಿ ಅದರಲ್ಲಿಯೂ ಬೇಯಿಸಬಹುದು, ಹೊತ್ತು ಹೆಚ್ಚು ಹಿಡಿಯುತ್ತದೆ.

ಮೈದಾದ ಬಿಸ್ಕತ್ತು ಹೊಂಬಣ್ಣಕ್ಕೆ ತಿರುಗಿದಾಗ ಬೆಂದಿತೆಂದು ಗೊತ್ತಾಗುತ್ತದೆ. ರಾಗಿಯದು ಮೊದಲೇ ಕಂದು, ಕಣ್ಣಿಗೆ ಏನೂ ತಿಳಿಯದು. ಮೂಗು ನಂಬಬೇಕು. ಹುರಿದ ರಾಗಿಯ ವಾಸನೆ ಬೆಣ್ಣೆಯ ವಾಸನೆಯನ್ನು ಮೀರಿ ಬಂದ ಘಳಿಗೆಯಲ್ಲಿ ಒಲೆ ಆರಿಸಿ. ತೆಗೆದಾಗ ಮೆತ್ತಗಿದೆ ಎಂದು ಮತ್ತೆ ಒಳಗೆ ತಳ್ಳಬೇಡಿ. ತಟ್ಟೆಯ ಮೇಲೇ ಹತ್ತು ನಿಮಿಷ ಬಿಟ್ಟರೆ ಗರಿಯಾಗುತ್ತದೆ, ಅದಕ್ಕೆ ಮುಂಚೆ ಕೈ ಹಾಕಿದರೆ ಮುರಿಯುತ್ತದೆ.

ಈ ಅಳತೆಗೆ ಸುಮಾರು 24 ಬಿಸ್ಕತ್ತು ಬರುತ್ತವೆ. ರಾಗಿಯೆಂದರೆ ಕ್ಯಾಲ್ಸಿಯಂ ಎಂದು ಹಾಡಿ ಹೊಗಳುವವರಿಗೆ ಒಂದು ಲೆಕ್ಕ: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ 344 ಮಿಲಿಗ್ರಾಂ ಕ್ಯಾಲ್ಸಿಯಂ. ಅದನ್ನು 24ಕ್ಕೆ ಹಂಚಿದರೆ ಬಿಸ್ಕತ್ತಿಗೆ 14 ಮಿಲಿಗ್ರಾಂ. ಒಂದು ಲೋಟ ಹಾಲಿನಲ್ಲಿ ಇದರ ಹದಿನೈದು ಪಾಲಿಗೂ ಹೆಚ್ಚಿದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದಾಗಿನಿಂದ ಯಾವ ತಿಂಡಿಗೆ ರಾಗಿ ಬೆರೆತರೂ ಅದು ಆರೋಗ್ಯಕರವೆಂಬ ನಂಬಿಕೆ ಹಬ್ಬಿದೆ. ಬೆಣ್ಣೆ, ಸಕ್ಕರೆ, ಮೇಲೆ ಇನ್ನಷ್ಟು ಸಕ್ಕರೆ ಬಳಿದ ಬಿಸ್ಕತ್ತು ಹಬ್ಬದ ತಿಂಡಿಯೇ. ಹಬ್ಬದ ತಿಂಡಿಯಾಗಿಯೇ ತಿನ್ನೋಣ.

ಮೇಲಿನ ಸಕ್ಕರೆಯ ಮಾತಿಗೆ ಬಂದರೆ, ಐಸಿಂಗಿನಲ್ಲಿ ಗೋಧಿಗೆ ಕೆಲಸವೇ ಇಲ್ಲ. ಐಸಿಂಗ್ ಸಕ್ಕರೆಯಲ್ಲಿ ಗಂಟು ಕಟ್ಟದಿರಲೆಂದು ಬೆರೆಸುವುದು ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ. 150 ಗ್ರಾಂ ಐಸಿಂಗ್ ಸಕ್ಕರೆಗೆ ಒಂದೂವರೆ ದೊಡ್ಡ ಚಮಚ ಹಾಲು, ನಾಲ್ಕು ಹನಿ ನಿಂಬೆರಸ. ಚಮಚ ಎತ್ತಿದಾಗ ಬಿದ್ದ ಗೆರೆ ಹತ್ತು ಎಣಿಸುವಷ್ಟರಲ್ಲಿ ಕರಗಿದರೆ ಹರಡಲು ಸರಿ, ಕರಗದೆ ನಿಂತರೆ ಗೆರೆ ಎಳೆಯಲು ಸರಿ. ಹಾಲಿನ ಕವರನ್ನು ಚೆನ್ನಾಗಿ ತೊಳೆದು ಒರೆಸಿ ಮೂಲೆ ಕತ್ತರಿಸಿದರೆ ಅದೇ ಕೋನು, ಮೆಹಂದಿ ಹಾಕಿ ರೂಢಿಯಿದ್ದ ಕೈ ಇದರಲ್ಲಿ ಪಳಗಲು ಹೊತ್ತು ಬೇಡ. ಬೀಟ್‌ರೂಟ್ ರಸ, ಅರಿಶಿನ, ಪಾಲಕ್ ಸೊಪ್ಪಿನ ರಸ ಹನಿ ಲೆಕ್ಕದಲ್ಲಿ ಬಣ್ಣಕ್ಕೆ ಸಾಕು. ಧನುರ್ಮಾಸದ ಒಣ ಗಾಳಿಗೆ ಐಸಿಂಗ್ ಫ್ಯಾನಿನಡಿ ಬೇಗ ಗಟ್ಟಿಯಾಗುತ್ತದೆ. ಇದನ್ನೇ ಶ್ರಾವಣದ ಮಳೆಯಲ್ಲಿ ಮಾಡಿದರೆ ಮಾರನೆಯ ದಿನವೂ ಬೆರಳಿಗೆ ಅಂಟುತ್ತದೆ.

ಸಕ್ಕರೆಯ ಚಿತ್ತಾರ ನಮಗೆ ಕ್ರಿಸ್‌ಮಸ್ಸಿನಿಂದ ಬಂದದ್ದೇನಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಿಸಿಕೊಳ್ಳಿ. ಪಾಕಕ್ಕೆ ಹಾಲು ಬಿಟ್ಟು ಕೊಳೆ ತೆಗೆದು, ಸೋಸಿ, ಮತ್ತೆ ಕಾಯಿಸಿ, ಬೆಳ್ಳಗಾಗುವವರೆಗೆ ತಿರುವಿ, ನೀರಲ್ಲಿ ನೆನೆದ ಮರದ ಅಚ್ಚಿಗೆ ಹೊಯ್ಯುವುದು. ಅಲ್ಲಿ ತಿರುವುವ ಕೆಲಸದಿಂದ ಸಕ್ಕರೆ ಸಣ್ಣ ಸಣ್ಣ ಹರಳಾಗಿ ಕೂಡುತ್ತದೆ. ಬೇಕರಿಯವರ ಫಾಂಡೆಂಟ್ ಆಗುವುದೂ ಇದೇ ಕ್ರಮದಲ್ಲಿ. ಗಾಂಧಿ ಬಜಾರಿನಲ್ಲಿ ಸಂಕ್ರಾಂತಿಗೆ ಬಹಳ ಮುಂಚೆಯೇ ಅಚ್ಚು ಬರುತ್ತದೆ. ಒಂದು ಸಣ್ಣ ಸಕ್ಕರೆ ಗಿಳಿಯನ್ನೋ ಆನೆಯನ್ನೋ ಐಸಿಂಗ್ ಹನಿ ಹಾಕಿ ರಾಗಿ ಬಿಸ್ಕತ್ತಿನ ಮೇಲೆ ಕೂರಿಸಿ ನೋಡಿ, ಅಂಗಡಿಯ ಬಣ್ಣದ ಕಾಳುಗಳಿಗಿಂತ ಅದು ಎಷ್ಟೋ ಚಂದ. ಕ್ರಿಸ್‌ಮಸ್‌ಗೆ ಮಾಡಿದ ಇದೇ ಬಿಸ್ಕತ್ತಿನ ಹಿಟ್ಟಿಗೆ ಹುರಿದ ಎಳ್ಳು, ಕಡಲೆಕಾಯಿ ಪುಡಿ ಸೇರಿಸಿದರೆ ಸಂಕ್ರಾಂತಿಯ ತಟ್ಟೆಗೂ ಸಲ್ಲುತ್ತದೆ. ಬಸವನಗುಡಿ ಪರಿಷೆಯಿಂದ ತಂದ ಕಡಲೆಕಾಯಿ ಮನೆಯಲ್ಲಿ ಅಷ್ಟು ಹೊತ್ತಿಗೆ ಉಳಿದಿದ್ದರೆ!

ಮಂಗಳೂರಿನ ಕ್ಯಾಥೊಲಿಕ್ ಮನೆಗಳ ಕುಸ್ವಾರ್, ಅಂದರೆ ಕ್ರಿಸ್‌ಮಸ್ ತಿಂಡಿಗಳ ತಟ್ಟೆಯಲ್ಲಿ ಕೂಡ ಗೋಧಿಯಿಲ್ಲದ ತಿಂಡಿಗಳಿವೆ. ಅಕ್ಕಿ ಹಿಟ್ಟು, ತೆಂಗಿನ ಹಾಲಿನ ಗುಳಿಯೊ ಅಂಥದ್ದು. ಗೋಡಂಬಿ, ಮೊಟ್ಟೆಯ ಬಿಳಿ, ಸಕ್ಕರೆಯ ಮಕರೂನೂ ಅಂಥದ್ದೇ. ಹೂವಿನ ಅಚ್ಚನ್ನು ಕಾದ ಎಣ್ಣೆಗೆ ಅದ್ದಿ ಮಾಡುವ ಕೊಕ್ಕಿಸಾಂ ಅಕ್ಕಿ ಹಿಟ್ಟಿನದಾದರೂ ಹಲವರು ಮೈದಾ ಬೆರೆಸುತ್ತಾರೆ, ಕೇಳಿಯೇ ತಿನ್ನಬೇಕು. ನೆವ್ರಿ, ಕಿಡಿಯೊ ಮೈದಾದವು. ಜರ್ಮನಿಯವರ ಕ್ರಿಸ್‌ಮಸ್ ನಕ್ಷತ್ರ ‘ತ್ಸಿಮ್ಟ್‌ಷ್ಟೆರ್ನೆ’ಗೆ ಬೇಕಾದದ್ದು ಬಾದಾಮಿ ಪುಡಿ, ದಾಲ್ಚಿನ್ನಿ, ಮೊಟ್ಟೆಯ ಬಿಳಿ, ಸಕ್ಕರೆ. ಮೇಲೆ ಬಿಳಿ ಐಸಿಂಗ್. ಅದಕ್ಕೆ ಹಿಟ್ಟೇ ಇಲ್ಲ. ಗ್ಲುಟೆನ್ ಎಂಬ ಮಾತು ಮನೆಮಾತಾಗುವ ಎಷ್ಟೋ ಮೊದಲಿಂದ ಅದು ಹಾಗೆಯೇ ಇದೆ.

ಈಗ ತೊಡಕಿನ ಮಾತು. ಅದು ಶುರುವಾಗುವುದು ಹಿಟ್ಟಿನ ಮಿಲ್ಲಿನಲ್ಲಿ.

‘ರಾಗಿ ಆದ್ಮೇಲೆ ನಮ್ಮ ಅಕ್ಕಿ ಹಾಕ್ಬೇಡಪ್ಪ, ಹಿಟ್ಟು ಕಪ್ಪಾಗತ್ತೆ’ ಎಂದು ಮಿಲ್ಲಿನವನಿಗೆ ಹೇಳದ ಗೃಹಿಣಿಯಿಲ್ಲ. ಮೆಣಸಿನಪುಡಿ ಬೀಸಿದ ಮೇಲಂತೂ ಆ ದಿನ ಯಾರೂ ಡಬ್ಬಿ ಇಳಿಸುವುದಿಲ್ಲ. ಕಲ್ಲಿನ ಸಂದಿಯಲ್ಲಿ ಹಿಂದಿನವರ ಹಿಟ್ಟು ಉಳಿಯುತ್ತದೆಂದು ಎಲ್ಲರಿಗೂ ಗೊತ್ತು. ಆದರೆ ಗೋಧಿಯ ನಂತರ ರಾಗಿ ಬೀಸಿದರೆ ಯಾರಿಗೂ ತಕರಾರಿಲ್ಲ, ಬಣ್ಣ ಕೆಡುವುದಿಲ್ಲವಲ್ಲ! ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಗ್ಲುಟೆನ್ ಮುಕ್ತ ಎನ್ನಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂ ಮೀರುವಂತಿಲ್ಲ. ಗೋಧಿ ಹಿಟ್ಟಿನ ಸುಮಾರು ಹತ್ತನೇ ಒಂದು ಭಾಗ ಗ್ಲುಟೆನ್ ಎಂದು ಹಿಡಿದರೆ, ಕಿಲೋ ರಾಗಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಬೆರೆತರೂ ಮಿತಿ ದಾಟಿತು. ಮಿಲ್ಲಿನ ಕಲ್ಲು, ಕೊಳವೆ, ಬಟ್ಟೆಯ ಚೀಲದಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಕೂತಿರುತ್ತದೆ.

ದಾರಿ ಸುಲಭ, ತಾಳ್ಮೆ ಬೇಕು. ಇಡೀ ರಾಗಿ ಕೊಳ್ಳಿ. ಗೋಧಿ ಕಾಳು ದಪ್ಪ, ರಾಗಿ ಸಾಸಿವೆಯಷ್ಟು. ಕಾಳಿನ ಹಂತದಲ್ಲಿ ಬೆರೆತದ್ದನ್ನು ಜರಡಿ ಬೇರ್ಪಡಿಸುತ್ತದೆ, ಹಿಟ್ಟಾದ ಮೇಲೆ ಬೇರ್ಪಡಿಸುವವರು ಯಾರೂ ಇಲ್ಲ. ತೊಳೆದು, ಒಣಗಿಸಿ, ಮಿಕ್ಸಿಯ ಸಣ್ಣ ಜಾರಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಬೀಸಿ, ವಸ್ತ್ರಗಾಳಿತ ಮಾಡಿ. ಬಿಸ್ಕತ್ತಿಗೆ ಬೇಕಾದ ನೂರು ಗ್ರಾಂಗೆ ಇದೇನು ಮಹಾ ಶ್ರಮವಲ್ಲ. ಲಟ್ಟಣಿಗೆ, ಜರಡಿ, ಮರದ ಮಣೆ ಇವೂ ಬೇರೆಯೇ ಇರಲಿ. ಚಪಾತಿ ಮಣೆಯ ಗೀರುಗಳನ್ನು ಎಷ್ಟು ತೊಳೆದರೂ ಹಿಟ್ಟು ಪೂರ್ತಿ ಹೋಗುವುದಿಲ್ಲ.

ಎರಡನೆಯದು ಅಂಗಡಿಯ ‘ರಾಗಿ ಬಿಸ್ಕತ್ತು’. ಪೊಟ್ಟಣ ತಿರುಗಿಸಿ ಓದಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಎಷ್ಟೋ ರಾಗಿ ಬಿಸ್ಕತ್ತುಗಳಲ್ಲಿ ಮೊದಲ ಹೆಸರು ಗೋಧಿ ಹಿಟ್ಟು ಅಥವಾ ಮೈದಾ, ರಾಗಿ ಆಮೇಲೆ. ಗೋಧಿಯಿದ್ದರೆ ಅಲರ್ಜಿಯ ಸೂಚನೆಯಲ್ಲೂ ಹೇಳಿರಬೇಕು. ‘ಮಲ್ಟಿಗ್ರೇನ್’ ಎಂದರೆ ಗೋಧಿಯೂ ಒಂದು ಗ್ರೇನ್ ಎಂದೇ ತಿಳಿಯಿರಿ. ಓಟ್ಸ್ ಕೂಡ ಗೋಧಿ, ಬಾರ್ಲಿಯೊಡನೆ ಬೆರೆತು ಬರುವ ಧಾನ್ಯ, ಪರೀಕ್ಷೆಯಾದ ಗುರುತಿಲ್ಲದಿದ್ದರೆ ಬೇಡ.

ಯಾರೂ ಊಹಿಸದ ಇನ್ನೊಂದು ಜಾಗವೆಂದರೆ ಇಂಗಿನ ಡಬ್ಬಿ. ಒಗ್ಗರಣೆಗೆ ಬಳಸುವ ಕೂಟ ಇಂಗಿನಲ್ಲಿ ಅಪ್ಪಟ ಇಂಗಿನ ಜೊತೆ ಅಂಟು, ಹಿಟ್ಟು ಬೆರೆಸಿರುತ್ತಾರೆ. ಅನೇಕ ಬ್ರಾಂಡುಗಳಲ್ಲಿ ಆ ಹಿಟ್ಟು ಗೋಧಿಯದು. ಬಿಸ್ಕತ್ತು ಎಷ್ಟೇ ಮಡಿಯಾಗಿ ಮಾಡಿದರೂ ಖಾರದ ಬಿಸ್ಕತ್ತಿಗೆ ಚಿಟಿಕೆ ಇಂಗು ಬಿದ್ದರೆ ಕೆಲಸ ಕೆಟ್ಟಿತು. ಅಕ್ಕಿ ಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ, ಓದಿ ಆರಿಸಬೇಕು. ‘ಉಪವಾಸದ್ದು, ಹಾಗಾಗಿ ಗೋಧಿಯಿಲ್ಲ’ ಎಂದು ನಂಬುವವರೂ ಇದ್ದಾರೆ. ಏಕಾದಶಿಗೆ ಧಾನ್ಯ ಮುಟ್ಟದವರ ರಾಜಗಿರಿ, ಬಕ್‌ವೀಟ್ ತಿಂಡಿಗೆ ಅದು ಸರಿ. ನಮ್ಮ ಕಡೆ ಶನಿವಾರದ ಒಪ್ಪತ್ತಿಗೆ ಮಾಡುವ ಫಲಾಹಾರದಲ್ಲಿ ಗೋಧಿ ರವೆಯ ಉಪ್ಪಿಟ್ಟೇ ಫಲ.

ಇಷ್ಟು ಕಟ್ಟುನಿಟ್ಟು ಯಾರಿಗೆ ಬೇಕು? ಸೀಲಿಯಾಕ್ ರೋಗವಿರುವವರಿಗೆ. ಗ್ಲುಟೆನ್ ಒಳಗೆ ಹೋದರೆ ಅವರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಒಳಪದರದ ಮೇಲೆ ತಿರುಗಿಬೀಳುತ್ತದೆ. ಮಕ್ಕಳಲ್ಲಿ ಬೆಳವಣಿಗೆ ಕುಂಠಿತ, ಭೇದಿ, ಹೊಟ್ಟೆಯುಬ್ಬರ, ವಾಸಿಯಾಗದ ರಕ್ತಹೀನತೆ. ಗೋಧಿಗೂ ಇದಕ್ಕೂ ಇರುವ ನಂಟನ್ನು ಹಿಡಿದವರು ನೆದರ್ಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. 1930ರ ದಶಕದಲ್ಲೇ ಅವರಿಗೆ ಅನುಮಾನವಿತ್ತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944–45ರ ಚಳಿಗಾಲದಲ್ಲಿ ಜನ ಹಸಿದು ಬ್ರೆಡ್ಡು ಸಿಗದಾದಾಗ ಆ ಅನುಮಾನಕ್ಕೆ ಬಲ ಬಂತು. 1950ರಲ್ಲಿ ಅವರು ಅದನ್ನು ಮಹಾಪ್ರಬಂಧವಾಗಿ ಮಂಡಿಸಿದರು.

‘ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲಮ್ಮ’ ಎಂದು ಅಜ್ಜಿಯರು ಹೇಳುವುದರಲ್ಲಿ ಹುರುಳಿಲ್ಲದಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ದೇಶದ ಮೂರು ಕಡೆ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿತು. ರೋಗದ ಸೂಚನೆ ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87, ದಕ್ಷಿಣದಲ್ಲಿ ಬರೀ ಶೇ 0.10. ರೋಗಕ್ಕೆ ಎಡೆಕೊಡುವ ಜೀನುಗಳು ಮಾತ್ರ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದವು. ಬೇರೆಯಿದ್ದದ್ದು ತಟ್ಟೆ. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಈಗ ವಸಂತಪುರ, ಜೆ.ಪಿ. ನಗರದ ಮನೆಗಳಲ್ಲಿ ರಾತ್ರಿಯ ಮುದ್ದೆ ಹೋಗಿ ಚಪಾತಿ ಬಂದಿದೆ. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಅಜ್ಜಿಯೇ ತಿನ್ನುತ್ತಿದ್ದಾರೆ. ಪಕ್ಕದ ಫ್ಲ್ಯಾಟಿನಲ್ಲಿ ದೆಹಲಿಯಿಂದ, ಲಖನೌದಿಂದ ಬಂದವರಿದ್ದಾರೆ. ಹಾಗಾಗಿ ಇದು ಇನ್ನು ದೂರದೂರಿನ ಕಾಯಿಲೆಯಲ್ಲ.

ಆದರೆ ಹೊಟ್ಟೆ ಉಬ್ಬಿದ್ದಕ್ಕೆಲ್ಲ ಗೋಧಿ ಬಿಡುವುದು, ತೂಕ ಇಳಿಸಲು ಗ್ಲುಟೆನ್ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಅನುಮಾನವಿದ್ದರೆ ಗೋಧಿ ತಿನ್ನುತ್ತಿರುವಾಗಲೇ ವೈದ್ಯರಿಗೆ ತೋರಿಸಿ ಟಿಟಿಜಿ ರಕ್ತಪರೀಕ್ಷೆ ಮಾಡಿಸಬೇಕು. ಮೊದಲೇ ಗೋಧಿ ಬಿಟ್ಟು ಹೋದರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿದು, ರೋಗವಿದ್ದರೂ ಇಲ್ಲವೆಂದು ವರದಿ ಬರಬಹುದು.

ಮನೆಯಲ್ಲೇ ಬೇಕಿಂಗ್ ಮಾಡಿ ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಮಾರುವವರು ಈಗ ಪ್ರತಿ ಬ್ಲಾಕಿನಲ್ಲೂ ಇದ್ದಾರೆ. ಅವರಲ್ಲಿ ನನ್ನದೊಂದು ಕೋರಿಕೆ. ಮೈದಾ ಕೇಕಿಗೂ ರಾಗಿ ಬಿಸ್ಕತ್ತಿಗೂ ಒಂದೇ ಓವನ್, ಒಂದೇ ಬಟ್ಟಲು ಬಳಸುತ್ತಿದ್ದರೆ ಡಬ್ಬಿಯ ಮೇಲೆ ಗ್ಲುಟೆನ್ ಮುಕ್ತ ಎಂದು ಬರೆಯಬೇಡಿ. ‘ಮೈದಾ ಹಾಕಿಲ್ಲ, ಆದರೆ ಅದೇ ಅಡುಗೆಮನೆಯಲ್ಲಿ ಮಾಡಿದ್ದು’ ಎಂದು ಬರೆಯಿರಿ. ಮೈದಾ ಬೇಡವೆನ್ನುವವರು ಆಗಲೂ ಕೊಳ್ಳುತ್ತಾರೆ, ಕೊಳ್ಳಬಾರದವರಿಗೆ ಸಮಯಕ್ಕೆ ಗೊತ್ತಾಗುತ್ತದೆ. ಕ್ಲಬ್‌ಹೌಸಿನ ಮೇಜು ಹಾಕುವ ಸಮಿತಿಯವರು ಹೆಸರು ಬರೆಸಿಕೊಳ್ಳುವಾಗ ಮಗುವಿಗೆ ಏನು ಒಗ್ಗುವುದಿಲ್ಲವೆಂದು ಒಂದು ಸಾಲು ಕೇಳಲಿ. ಹಾಗೆ ಹೆಸರು ಬಂದರೆ ಆ ಮಗುವಿನ ಮನೆಯವರಿಂದಲೇ ಎಲ್ಲ ಮಕ್ಕಳಿಗೂ ರಾಗಿ ಬಿಸ್ಕತ್ತು ಮಾಡಿಸಿ, ಖರ್ಚು ಸಮಿತಿ ಕೊಡಲಿ.